ಗಿರಿಯವ್ವನ ಮನೆಯ ಕೆಂಪು

"ಒಲೆಯ ಮೇಲಿನ ಮಡಕೆಯಿಂದ ಹಣೆಯ ಮೇಲಿನ ಕುಂಕುಮದವರೆಗೆ, ಯಾವ ಸರಕು ಯಾವುದರಿಂದ ತಯಾರಾಯಿತೆಂದು ನೋಡಿದ ಕೂಡಲೇ ಹೇಳಬಲ್ಲೆ," ಎಂದು ಸೂರಪ್ಪಯ್ಯ ತುಂಬಿದ ಸಭೆಯಲ್ಲಿ ಕೊಚ್ಚಿಕೊಂಡ. ದೊರೆ ವೀರಮಲ್ಲ ಬಾಯಿಬಡುಕರಿಗೆ ಬೇಗ ಮರುಳಾಗುವ ಪ್ರಾಣಿ. ಅವತ್ತೇ ಅವನನ್ನು ಪೇಟೆಯ ಸರಕು ಪರೀಕ್ಷಕನನ್ನಾಗಿ ಮಾಡಿಬಿಟ್ಟ.

ಅಲ್ಲಿಗೆ ಪೇಟೆಯ ನೆಮ್ಮದಿ ಮುಗಿಯಿತು. ಸೂರಪ್ಪಯ್ಯನ ಶಾಸ್ತ್ರವೆಲ್ಲ ಒಂದೇ ಸಾಲು: ಸಾಮಾನಿನಲ್ಲಿ ಕಾಣುವ ಬಣ್ಣ ಅದನ್ನು ಮಾಡುವ ಪದಾರ್ಥದಲ್ಲಿ ಇರಲೇಬೇಕು. ಹಳದಿ ದೀಪದಿಂದ ಕಪ್ಪು ಕಾಡಿಗೆ ಬರುವುದುಂಟೇ ಎಂದು ಕಾಡಿಗೆಯವಳ ಡಬ್ಬಿಗಳನ್ನು ಹೊತ್ತೊಯ್ಯಿಸಿದ. ಬೂದು ಮಣ್ಣಿನಿಂದ ಕೆಂಪು ಮಡಕೆ ಮಾಡಿದ ಕುಂಬಾರನನ್ನು ದಿನವಿಡೀ ಬಿಸಿಲಲ್ಲಿ ನಿಲ್ಲಿಸಿದ. ಕರಿ ಎಮ್ಮೆ ಬಿಳಿ ಹಾಲು ಕೊಟ್ಟದ್ದು ಹೇಗೆಂದು ಎರಡು ದಿನ ಕೊಟ್ಟಿಗೆಯಲ್ಲೇ ವಿಚಾರಣೆಗೆ ಕೂತ. ಎಮ್ಮೆ ತಪ್ಪೊಪ್ಪಿಕೊಳ್ಳಲಿಲ್ಲ.

ಮೂರನೆಯ ದಿನ ಕುಂಕುಮ ಮಾಡುವ ಮುದುಕಿ ಗಿರಿಯವ್ವನನ್ನು ಸಭೆಗೆ ಎಳೆತಂದ.

"ಪ್ರಭು, ಇವಳ ಮನೆಯನ್ನೆಲ್ಲ ಜಾಲಾಡಿದೆ. ಅರಿಶಿನ ಇದೆ, ಹಳದಿ. ನಿಂಬೆಹಣ್ಣಿದೆ, ಅದೂ ಹಳದಿ. ಬಿಳಿಗಾರ ಇದೆ, ಬಿಳಿ. ಕೆಂಪು ಮಾತ್ರ ಚೂರೂ ಇಲ್ಲ. ಹಾಗಿದ್ದೂ ಮಣಗಟ್ಟಲೆ ಕೆಂಪು ಕುಂಕುಮ! ಅರಮನೆಯ ಉಗ್ರಾಣದ ಬಣ್ಣವನ್ನೇ ಕದ್ದಿದ್ದಾಳೆ. ಸಂಜೆಯೊಳಗೆ ಇವಳ ಒರಳು ಒನಕೆ ಕಿತ್ತುಕೊಂಡು ಊರು ಬಿಡಿಸಬೇಕು."

"ನಿಂಬೆರಸಕ್ಕೆ ಬಿಳಿಗಾರ ಹಾಕಿ ಅದ್ರಲ್ಲಿ ಅರಿಶಿನ ನೆನೆಸಿದ್ರೆ ತಾನೇ ಕೆಂಪಾಯ್ತದೆ ಬುದ್ಧಿ," ಎಂದಳು ಗಿರಿಯವ್ವ. "ನೆರಳಲ್ಲಿ ಒಣಗಿಸಿ ಕುಟ್ಟಬೇಕು. ಎಂಟು ದಿನ ಕೊಡಿ, ನಿಮ್ಮ ಕಣ್ಣೆದುರೇ ಮಾಡಿ ತೋರಿಸ್ತೀನಿ."

"ಎಂಟು ದಿನದಲ್ಲಿ ಇನ್ನೆಲ್ಲಿಂದಲೋ ಕದ್ದು ತರುತ್ತಾಳೆ," ಎಂದ ಸೂರಪ್ಪಯ್ಯ.

ದೊರೆ ಹೌದೆಂದು ತಲೆಯಾಡಿಸಿದ. ನಲವತ್ತು ವರ್ಷ ಒನಕೆ ಹಿಡಿದ ಮುದುಕಿ ದೊರೆಯತ್ತ ಕೈ ಮುಗಿದಳು. ಅದನ್ನು ಕಂಡ ಆಸ್ಥಾನದ ಹಾಸ್ಯಗಾರ ಪುಟ್ಟರಸ ನಗುತ್ತಲೇ ಎದ್ದು ನಿಂತ.

"ಸೂರಪ್ಪಯ್ಯನವರೇ, ಕೆಂಪಿಲ್ಲದ ಪದಾರ್ಥ ಇಟ್ಟುಕೊಂಡು ಕೆಂಪು ತೋರಿಸಿದವರು ಯಾರೇ ಆಗಲಿ, ಕಳ್ಳರು ತಾನೆ?"

"ಯಾರೇ ಆಗಲಿ. ನನ್ನಪ್ಪನೇ ಆಗಲಿ."

"ಸರಿ. ಆ ವಿಷಯ ಬಿಡಿ, ನಮಗೊಂದು ಗಾಬರಿಯಾಗಿದೆ. ದೊರೆಗಳ ತಾಂಬೂಲಕ್ಕೆ ಯಾರೋ ಏನೋ ಬೆರೆಸಿದ್ದಾರಂತೆ. ನಿಮ್ಮಂಥ ಪರೀಕ್ಷಕರು ಇನ್ನೆಲ್ಲಿ ಸಿಕ್ಕಾರು?"

ಸೂರಪ್ಪಯ್ಯ ಉಬ್ಬಿಹೋದ. ತಟ್ಟೆ ಬಂತು. ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಮೂಸಿ, ಸಭೆಗೆಲ್ಲ ಕೇಳುವಂತೆ ಸಾರಿದ: "ಎಲೆ, ಹಸಿರು. ಸುಣ್ಣ, ಬಿಳಿ. ಅಡಿಕೆ, ಬಿಳಿ, ಚೆನ್ನಾಗಿ ಒಣಗಿದ್ದು. ಬೇರೆ ಯಾವ ಬಣ್ಣವೂ ಇದರಲ್ಲಿಲ್ಲ."

"ಕೆಂಪು?"

"ಸಾಸಿವೆಯಷ್ಟೂ ಇಲ್ಲ. ನನ್ನ ಕಣ್ಣೇನು ಕುರುಡೇ?"

"ಹಾಗಾದರೆ ರುಚಿಯನ್ನೂ ನೋಡಿಬಿಡಿ."

ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ, ಮಡಿಸಿ ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿ, ಎರಡೂ ದವಡೆಗೆ ಕೆಲಸ ಕೊಟ್ಟು, ಗಂಭೀರವಾಗಿ ಅಗಿದ. ಮುಂದಿನ ಸಾಲಿನವರಿಗೆ ವಿಷಯ ಹೊಳೆದು, ಒಬ್ಬರನ್ನೊಬ್ಬರು ಚಿವುಟಿಕೊಂಡು ನಗು ತಡೆದರು.

"ಏನೂ ಬೆರೆತಿಲ್ಲ," ಎಂದು ಸೂರಪ್ಪಯ್ಯ ಕೊನೆಗೆ ಬಾಯಿ ತೆರೆದ.

"ಪ್ರಭು, ಕಳ್ಳ ಸಿಕ್ಕಿದ," ಎಂದ ಪುಟ್ಟರಸ. "ತುಟಿ, ಹಲ್ಲು, ನಾಲಿಗೆ, ಎಲ್ಲ ಕಡೆಯೂ ಕದ್ದ ಮಾಲು. ತಟ್ಟೆಯಲ್ಲಿ ಕೆಂಪು ಇರಲಿಲ್ಲವೆಂದು ತಾವೇ ಸಾಕ್ಷಿ ಹೇಳಿದ್ದಾರೆ. ಇವರನ್ನು ಸಂಜೆಯೊಳಗೆ ಊರು ಬಿಡಿಸೋಣವೇ?"

"ಅಯ್ಯೋ, ಕದ್ದದ್ದಲ್ಲ," ಎಂದು ಸೂರಪ್ಪಯ್ಯ ಕೈಯಿಂದ ಬಾಯಿ ಮುಚ್ಚಿಕೊಂಡ. "ಅದು... ಮೂರೂ ಕೂಡಿದರೆ ತಾನೇ ಕೆಂಪಾಗುತ್ತದೆ ಪ್ರಭು!"

"ಗಿರಿಯವ್ವನೂ ಅದನ್ನೇ ಹೇಳಿದ್ದು," ಎಂದ ಪುಟ್ಟರಸ.

ದೊರೆ ನಕ್ಕ ನಗುವಿಗೆ ಕಿರೀಟ ಕಿವಿಯ ಮೇಲೆ ಬಂತು. ಪುಟ್ಟರಸನಿಗೆ ಕೊರಳ ಹಾರ ತೆಗೆದುಕೊಟ್ಟ. ಕಾಡಿಗೆಯವಳ ಡಬ್ಬಿಗಳನ್ನು ಹಿಂದಿರುಗಿಸಲು ಹೇಳಿದ. ಕಣ್ಣೊರೆಸಿಕೊಳ್ಳುತ್ತ ಮುದುಕಿಯ ಕಡೆ ತಿರುಗಿದ.

"ಗಿರಿಯವ್ವ, ಈ ಪರೀಕ್ಷಕ ಎಂಟು ದಿನ ನಿನ್ನ ಮನೆಯಲ್ಲಿ ಅರಿಶಿನ ಕುಟ್ಟಲಿ. ಕುಂಕುಮ ಆಗುವುದು ಹೇಗೆಂದು ಕಲಿಯಲಿ. ಕಳಿಸಲೇ?"

"ಕಳಿಸ್ಕೊಡಿ ಬುದ್ಧಿ," ಎಂದಳು ಗಿರಿಯವ್ವ. "ಆದ್ರೆ ಬಾಯಿ ತೊಳ್ಕೊಂಡು ಬರ್ಲಿ. ಕೆಂಪು ಹೊರಗಿಂದ ತರಿಸ್ಕೊಂಡ್ಳು ಅಂತ ನಾಳೆ ಇವ್ರೇ ಬರೆದ್ಬಿಟ್ಟಾರು."