ಕದ್ದ ಉಸಿರು

“ಗುರುಗಳೇ, ಯಾರ ಕಣ್ಣಿಗೂ ಬೀಳದ ತಪ್ಪೊಂದು ನಮ್ಮಲ್ಲಿದ್ದರೆ, ಅದು ನಮ್ಮೊಡನೆ ಇದ್ದು ನಮ್ಮೊಡನೆಯೇ ಮಣ್ಣಾಗುತ್ತದಲ್ಲವೇ? ಅದರಿಂದ ಇನ್ನೊಬ್ಬರಿಗೇನು ಕೇಡು?”

ಹೀಗೆ ಕೇಳಿದವನು ಮಠದ ಪಾಠಶಾಲೆಯಲ್ಲಿ ಆರು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಷ್ಯ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಭರಮಪ್ಪನೆಂಬ ಕಬಡ್ಡಿ ಆಟಗಾರನಿದ್ದ. ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗಿ, ಸಿಕ್ಕವರನ್ನು ಮುಟ್ಟಿ, ಹಿಡಿತ ತಪ್ಪಿಸಿಕೊಂಡು ಬರುವುದು ಅವನ ಕೆಲಸ. ಹೋಗಿ ಬರುವ ತನಕ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು. ನಡುವೆ ಉಸಿರೆಳೆದುಕೊಂಡರೆ ಔಟು. ಭರಮಪ್ಪನಿಗಿದ್ದಷ್ಟು ದಮ್ಮು ಆ ಸೀಮೆಯಲ್ಲಿ ಯಾರಿಗೂ ಇಲ್ಲವೆಂದು ಜನ ಹೇಳುತ್ತಿದ್ದರು. ಒಂದು ಕಾರ್ಖಾನೆಯ ತಂಡದಲ್ಲಿ ಸಂಬಳದ ಆಟಗಾರನಾಗಿ ಹನ್ನೆರಡು ವರ್ಷ ಆಡಿದ. ಮಂಡಿ ಸವೆದ ಮೇಲೆ ಊರಿಗೆ ಬಂದು, ಹೆಣ್ಣುಮಕ್ಕಳ ತಂಡ ಕಟ್ಟಿ ತರಬೇತುದಾರನಾದ.

ಆ ದಮ್ಮಿನ ಗುಟ್ಟು ಅವನೊಬ್ಬನಿಗೇ ಗೊತ್ತಿತ್ತು. ಹೊರಳುವ ಕ್ಷಣದಲ್ಲಿ ತಲೆಯನ್ನು ಎಡಭುಜಕ್ಕೆ ವಾಲಿಸಿ, ತುಟಿ ಆಡಿಸುತ್ತಲೇ ಮೂಗಿನಿಂದ ಒಂದು ಉಸಿರು ಕದಿಯುತ್ತಿದ್ದ. ಯಾವ ಅಂಪೈರಿಗೂ ಅದು ತಿಳಿಯಲಿಲ್ಲ. ಈ ಕಳ್ಳತನವನ್ನು ಯಾರಿಗೂ ಕಲಿಸಬಾರದೆಂದು ತಂಡ ಕಟ್ಟಿದ ದಿನವೇ ಅವನು ನಿಶ್ಚಯಿಸಿದ. ಕಲಿಸಲೂ ಇಲ್ಲ. ಹುಡುಗಿಯರನ್ನು ಕೆರೆ ಏರಿಯ ಮೇಲೆ ಓಡಿಸಿ, ನೀರಿನಲ್ಲಿ ಮುಳುಗಿಸಿ, ನ್ಯಾಯವಾಗಿಯೇ ಉಸಿರು ಬೆಳೆಸಿದ.

ಅವರಲ್ಲಿ ಇಟ್ಟಿಗೆ ಗೂಡಿನ ಕೆಲಸದವರ ಮಗಳು ನೀಲವ್ವ ಎಲ್ಲರಿಗಿಂತ ಮುಂದಾದಳು. ಐದನೆಯ ವರ್ಷ ತಂಡ ಜಿಲ್ಲೆಗಳ ನಡುವಿನ ಪಂದ್ಯಾವಳಿಗೆ ಹೋಯಿತು. ಗೆದ್ದವರಿಗೆ ರಾಜ್ಯದ ಕಿರಿಯರ ತಂಡದಲ್ಲಿ ಜಾಗ. ನೀಲವ್ವನ ವಯಸ್ಸಿಗೆ ಅದೇ ಕೊನೆಯ ಅವಕಾಶ. ಮುಂದಿನ ವರ್ಷ ಅವಳು ಕಿರಿಯಳಲ್ಲ.

ಬೆಳಿಗ್ಗೆ ಸೆಮಿಫೈನಲ್. ನೀಲವ್ವ ಒಂದೇ ದಾಳಿಯಲ್ಲಿ ಮೂವರನ್ನು ಮುಟ್ಟಿ ಬಂದಳು. ಜನ ಚಪ್ಪಾಳೆ ತಟ್ಟಿದರು. ಭರಮಪ್ಪ ತಟ್ಟಲಿಲ್ಲ. ಹೊರಳುವಾಗ ಅವಳ ತಲೆ ಎಡಭುಜಕ್ಕೆ ವಾಲಿದ್ದನ್ನು ಅವನು ಕಂಡಿದ್ದ.

ಪಂದ್ಯ ಮುಗಿದೊಡನೆ ಅವಳನ್ನು ಪಕ್ಕಕ್ಕೆ ಕರೆದು ಕೇಳಿದ, “ಅದನ್ನು ಎಲ್ಲಿ ಕಲಿತೆ?”

“ನಿಮ್ಮಿಂದಲೇ, ಸರ್. ನೀವು ಆಡಿ ತೋರಿಸುವಾಗ ತಲೆ ಹಾಗೇ ವಾಲುತ್ತದೆ. ಒಂದು ವರ್ಷ ನೋಡಿದೆ. ಆಮೇಲೆ ತಿಳಿಯಿತು, ಅಲ್ಲೊಂದು ಉಸಿರು ಸಿಗುತ್ತದೆ ಅಂತ. ನೋಡಿ ಹಿಡಿದವರಿಗಷ್ಟೇ ದಕ್ಕುವ ಪಟ್ಟು ಅಂದುಕೊಂಡೆ.”

ಅವಳ ಮುಖದಲ್ಲಿ ನಾಚಿಕೆಯಿರಲಿಲ್ಲ. ಹೆಮ್ಮೆಯಿತ್ತು.

“ಸಂಜೆ ಅದು ಬೇಡ,” ಎಂದ ಭರಮಪ್ಪ.

“ಯಾಕೆ, ಸರ್? ನೀವು ಗೆದ್ದದ್ದು ಅದರಿಂದಲೇ ಅಲ್ಲವೇ?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, “ಬೇಡವೆಂದರೆ ಬೇಡ,” ಎಂದು ಎದ್ದುಹೋದ.

ಸಂಜೆ ಫೈನಲ್. ಎದುರಾಳಿಗಳು ಒಂದು ಅಂಕ ಮುಂದಿದ್ದರು. ಉಳಿದದ್ದು ಒಂದೇ ದಾಳಿ. ನಡುಗೆರೆ ದಾಟುವ ಮುನ್ನ ನೀಲವ್ವ ಭರಮಪ್ಪನ ಕಡೆ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಮುಖ ತಿರುಗಿಸಿ ಒಳಗೆ ನುಗ್ಗಿದಳು.

ಬಲಮೂಲೆಯಲ್ಲಿ ಒಬ್ಬಳನ್ನು ಮುಟ್ಟಿದಳು. ಹಾಗೇ ಮರಳಿದ್ದರೆ ಆಟ ಸಮ. ಗೆಲ್ಲಲು ಇನ್ನೊಬ್ಬಳು ಬೇಕು. ಅವಳು ಮರಳಲಿಲ್ಲ. ಉಳಿದವರು ಸುತ್ತಿಕೊಂಡರು. ಅವಳ ದನಿ ಸಣ್ಣಗಾಯಿತು. ‘ಕಬಡ್ಡಿ’ ಎಂಬುದು ‘ಬಡ್ಡಿ’ಯಾಯಿತು, ‘ಡಿ’ಯಾಯಿತು. ಅಷ್ಟರಲ್ಲಿ ಅವಳು ಹೊರಳಿದಳು, ತಲೆ ಎಡಕ್ಕೆ ವಾಲಿತು, ದನಿಗೆ ಮತ್ತೆ ಜೀವ ಬಂತು. ಇನ್ನೊಬ್ಬಳ ಭುಜ ತಟ್ಟಿ, ಎಗರಿ, ಗೆರೆಯಾಚೆಗೆ ಕೈ ಚಾಚಿ ಬಿದ್ದಳು.

ಅಂಪೈರ್ ಎರಡು ಬೆರಳೆತ್ತಿದ. ಮೈದಾನ ಹೋ ಎಂದಿತು.

ಭರಮಪ್ಪ ಸುಮ್ಮನಿದ್ದರೆ ಸಾಕಿತ್ತು. ಇಷ್ಟು ವರ್ಷ ಸುಮ್ಮನಿದ್ದವನಿಗೆ ಅದೇನು ಕಷ್ಟವಲ್ಲ. ಆದರೆ ಪಕ್ಕದ ಬೆಂಚಿನಲ್ಲಿ ಅವನದೇ ತಂಡದ ಇಬ್ಬರು ಬದಲಿ ಆಟಗಾರ್ತಿಯರು, ನೀಲವ್ವ ಮಾಡಿದ್ದನ್ನು ನೋಡಿ, ತಮ್ಮ ತಲೆಯನ್ನೂ ಎಡಕ್ಕೆ ವಾಲಿಸಿ ಮೂಗಿನಿಂದ ಉಸಿರೆಳೆದು ನೋಡುತ್ತಿದ್ದರು.

ಅವನು ಎದ್ದು ಅಂಕಣದೊಳಕ್ಕೆ ನಡೆದ.

“ಆ ಅಂಕ ಬೇಡ, ಸ್ವಾಮಿ. ಅವಳ ಉಸಿರು ಕಡಿದಿದೆ.”

ಅಂಪೈರ್ ಬೆರಗಾದ. “ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಅಷ್ಟು ದೂರ ಕೂತಿದ್ದ ನಿಮಗೆ ಹೇಗೆ ಗೊತ್ತಾಯಿತು?”

“ಅದು ನನ್ನ ಕಳ್ಳತನ. ಹನ್ನೆರಡು ವರ್ಷ ಹಾಗೆಯೇ ಆಡಿದವನು ನಾನು. ಬೆಳಗಿನ ಪಂದ್ಯದಲ್ಲೂ ಇವಳು ಅದನ್ನೇ ಮಾಡಿದಳು. ತಪ್ಪೆಂದು ಇವಳಿಗೆ ಗೊತ್ತಿಲ್ಲ. ನಾನು ಹೇಳಿಕೊಡಲಿಲ್ಲ, ನನ್ನ ಮೈ ಹೇಳಿಕೊಟ್ಟಿತು.”

ಅಂಕ ಹೋಯಿತು. ಪಂದ್ಯ ಹೋಯಿತು. ನಿನ್ನೆಯವರೆಗೆ ಅವನ ಹೆಸರು ಹೇಳಿಕೊಂಡು ಮೀಸೆ ತಿರುವುತ್ತಿದ್ದವರು ಅಂದಿನಿಂದ ಅವನನ್ನು ಕಂಡರೆ ದಾರಿ ಬದಲಿಸಿದರು. ಊರಿಗೆ ಮರಳುವ ಬಸ್ಸಿನಲ್ಲಿ ಯಾರೂ ಅವನೊಡನೆ ಮಾತಾಡಲಿಲ್ಲ. ಇಳಿಯುವಾಗ ನೀಲವ್ವ ಮಾತ್ರ ಕೇಳಿದಳು, “ಬೆಳಿಗ್ಗೆಯೇ ಹೇಳಬಹುದಿತ್ತಲ್ಲ, ಸರ್?”



ಎರಡು ತಿಂಗಳು ಅವಳು ಮೈದಾನಕ್ಕೆ ಬರಲಿಲ್ಲ. ಅವನು ಮಾತ್ರ ದಿನವೂ ಹೋಗಿ, ನೆಲ ಗುಡಿಸಿ, ಗೆರೆ ಎಳೆದು ಬರುತ್ತಿದ್ದ. ಒಂದು ದಿನ ಅವಳು ಬಂದು ಗೆರೆಯಾಚೆ ನಿಂತಳು.

“ಮೊದಲಿನಿಂದ ಕಲಿಸಿ, ಸರ್. ಈ ಸಲ ಆಡಿ ತೋರಿಸಬೇಡಿ. ಬಾಯಿಬಿಟ್ಟು ಹೇಳಿ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಮುಂದೆ ಅವಳು ಗೆದ್ದಳೇ?” ಎಂದು ಕೇಳಿದ.

“ಅದಿರಲಿ, ನಾಳೆ ಪಾಠಶಾಲೆಗೆ ಹೋದಾಗ, ಮಕ್ಕಳು ನಿನ್ನಿಂದ ಏನು ಕಲಿತಿದ್ದಾರೆಂದು ಒಮ್ಮೆ ನೋಡಿಕೊಂಡು ಬಾ.”