ತೊಟ್ಟಿಲ ಕೊಂಡಿ

ಮಗಳು ಬಾಣಂತಿಯಾಗಿ ಮನೆಗೆ ಬಂದಿದ್ದಳು. ಇದ್ದ ಒಂದು ಕೋಣೆ ಸಾಲದೆ ಮೂಡ್ಲಯ್ಯ ಬಾಡಿಗೆ ಮನೆ ಹುಡುಕುತ್ತ ಪರಮಶಿವಯ್ಯನವರ ಖಾಲಿ ಮನೆ ನೋಡಲು ಬಂದ.

ಪರಮಶಿವಯ್ಯನವರದು ಒಂದೇ ಕಟ್ಟುನಿಟ್ಟು. ಯಾರೇ ಬರಲಿ, ಮೊಬೈಲಿನಲ್ಲಿ ಕೋರ್ಟಿನ ದಾಖಲೆ ತೆಗೆದು ಹೆಸರು ಹುಡುಕುವುದು. ಮನೆ ಖಾಲಿ ಮಾಡಿಸಿದ ಕೇಸಿನಲ್ಲಿ ಹೆಸರು ಸಿಕ್ಕಿತೋ, ಬಾಗಿಲಿಂದಲೇ ವಾಪಸು.

ಮೂಡ್ಲಯ್ಯನ ಹೆಸರು ಪುಟಗಟ್ಟಲೆ ಸಿಕ್ಕಿತು.

"ಏನಯ್ಯಾ, ಊರಲ್ಲಿರೋ ಮನೆಗಳನ್ನೆಲ್ಲಾ ಖಾಲಿ ಮಾಡಿದೀಯಲ್ಲೋ! ನಾಚಿಕೆ ಆಗಲ್ವಾ?"

"ಆಗುತ್ತೆ ಸ್ವಾಮಿ. ಆದ್ರೆ ನಾನು ಖಾಲಿ ಮಾಡಿದ್ದಲ್ಲ, ಮಾಡಿಸಿದ್ದು. ನಾನು ಕೋರ್ಟಿನ ಅಮೀನ. ವಾರಂಟ್ ಹಿಡಿದು ಹೋಗಿ ಜನರನ್ನ ಬೀದಿಗೆ ಬಿಡೋ ಕೆಲಸ."

ಪರಮಶಿವಯ್ಯನವರ ಮುಖ ಅರಳಿತು. "ಹಾಗಾದ್ರೆ ನೀನು ನಮ್ಮೋನೇ! ಯಾರ್ಯಾರನ್ನ ಆಚೆ ಹಾಕಿದೀಯ, ಹೆಸರು ಹೇಳು. ಅವರಿಗೆ ಇನ್ನೆಲ್ಲೂ ಮನೆ ಸಿಗದ ಹಾಗೆ ಮಾಡ್ತೀನಿ. ಆಮೇಲೆ ಬೀಗದಕೈ ತಗೋ."

ಮೂಡ್ಲಯ್ಯ ತಲೆಯೆತ್ತಿ ಜಂತೆ ನೋಡಿದ. "ಹೆಸರು ಮರೆತುಹೋಗಿವೆ ಸ್ವಾಮಿ. ಈ ಮನೆಯಿಂದ ಹಾಕಿದ್ದು ಒಬ್ಬ ಬಾಣಂತೀನ. ನಿಮ್ಮದೇ ಕೇಸು, ನನ್ನ ಮುಖ ನಿಮಗೆ ನೆನಪಿಲ್ಲ ಅಷ್ಟೆ. ತೊಟ್ಟಿಲು ಬಾಗಿಲಲ್ಲಿ ಸಿಕ್ಕಿಕೊಳ್ತು. ಆ ಕಡೆ ನೀವು ಹಿಡಿದ್ರಿ, ಈ ಕಡೆ ನಾನು. ಕೊಂಡಿ ಬಿಚ್ಚೋದು ಮಾತ್ರ ಮರೆತ್ವಿ. ಅಲ್ಲೇ ಇದೆ, ನೋಡಿ."

ಪರಮಶಿವಯ್ಯನವರು ಮೇಲೆ ನೋಡಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬೀಗದಕೈ ಚಾಚಿದರು.

"ತಗೋ. ಆದ್ರೆ ಬಿಡು ಅಂದ ದಿನ ತಕರಾರಿಲ್ಲದೆ ಬಿಡಬೇಕು."

"ಬಿಡ್ತೀನಿ ಸ್ವಾಮಿ. ನನ್ನನ್ನ ಆಚೆ ಹಾಕೋ ವಾರಂಟ್ ಬರೋದೂ ನನ್ನ ಕೈಗೇ. ತೊಟ್ಟಿಲಿನ ಆ ಕಡೆ ಹಿಡಿಯೋಕೆ ಮಾತ್ರ ನೀವು ಬರಬೇಕು."