ಕರಿ ಉಸುಕಿನ ಸದ್ದು

ಹೊಳೆದಂಡೆಯಲ್ಲಿ ಗದಿಗಯ್ಯಜ್ಜನ ತಗಡಿನ ಗುಡಿಸಲು. ಮಠ ಅಂದರೆ ಅದೇ ಮಠ, ಶಾಲೆ ಅಂದರೆ ಅದೇ ಶಾಲೆ. ಉಸುಕಿನಲ್ಲಿ ಕಳೆದುಹೋದ ಉಂಗುರ, ಕಾಲುಂಗುರ, ಕೀಲಿಕೈಗಳನ್ನು ಲೋಹಶೋಧಕ ಹಿಡಿದು ಹುಡುಕಬೇಕು, ಕಳೆದುಕೊಂಡವರ ಕೈಗೆ ಮುಟ್ಟಿಸಬೇಕು. ಅಜ್ಜ ಕಲಿಸುತ್ತಿದ್ದದ್ದು ಇಷ್ಟೇ.

ವಯಸ್ಸಾಗಿ ಅಜ್ಜನ ಕಿವಿ ಮಂದವಾಗಿತ್ತು. ತಾನು ಮಷೀನು ಹಿಡಿಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಈಗ ಹುಡುಕುವವರೆಲ್ಲ ಶಿಷ್ಯರು, ರವಿವಾರಕ್ಕೊಮ್ಮೆ ಬರುವ ಐದಾರು ಹವ್ಯಾಸಿಗಳು.

ಅವರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯ ಸಂಗನಬಸುವಿಗೆ ಹುಚ್ಚು ತುಸು ಜಾಸ್ತಿ. ರವಿವಾರ ಸಾಲದೆ ಬುಧವಾರವೂ ಅಂಗಡಿಗೆ ಬೀಗ ಜಡಿದು ಬರುತ್ತಿದ್ದ. ಈಚೆಗಂತೂ ಅವನ ಬಾಯಲ್ಲಿ ಒಂದೇ ಜಪ, ಹೊಸ ಮಷೀನು.

"ಅಜ್ಜಾರ, ಅದು ಒಣ ಉಸುಕಿನಾಗೂ ನಡಿತೈತಿ, ನೀರಾಗೂ ನಡಿತೈತಿ. ನಾಣ್ಯಾನೂ ಹುಡುಕ್ತೈತಿ, ಬಂಗಾರಾನೂ ಹುಡುಕ್ತೈತಿ. ಒಂದೇ ಮಷೀನಿನಾಗ ನಾಲ್ಕು ಮಷೀನು."

"ಹೌದಾ?" ಅಜ್ಜನ ದನಿಯಲ್ಲಿ ಕುಹಕವಿರಲಿಲ್ಲ. ಪಾಪ, ನಿಜವಾಗಿಯೂ ಕಣ್ಣರಳಿಸಿದ್ದ. "ಮತ್ತೇನು ಮಾಡ್ತೈತಿ?"

"ಈ ಕರಿ ಉಸುಕು ಐತಲ್ರಿ, ನಮ್ಮ ಜೀವಾ ತಿನ್ನೂದು, ಅದರ ಸದ್ದು ಒಂಚೂರೂ ಕಿವಿಗೆ ಬೀಳಂಗಿಲ್ಲಂತ. ಪೂರ್ತಿ ನುಂಗಿಬಿಡ್ತೈತಂತ."

ಆ ಹೊಳೆಯ ಉಸುಕಿನಲ್ಲಿ ಕಬ್ಬಿಣದಂಥ ಕರಿ ಪುಡಿ ಬೆರೆತಿತ್ತು. ಮಷೀನಿನ ತಟ್ಟೆಯನ್ನು ನೆಲದ ಮೇಲೆ ಆಡಿಸಿದರೆ ಸಾಕು, ಕಿವಿಯೊಳಗೆ ಒಂದೇ ಸಮ ಗಿಜಿಗಿಜಿ. ಸಂಗನಬಸು ತನ್ನ ಮಷೀನಿನ ಗುಂಡಿ ತಿರುವಿ ಆ ಸದ್ದನ್ನು ಆದಷ್ಟು ಅಡಗಿಸಿಟ್ಟಿದ್ದ. ಹೊಸದರಲ್ಲಿ ಉಳಿದಷ್ಟೂ ಅಡಗುತ್ತದೆ ಎಂದು ವಿಡಿಯೊದಲ್ಲಿ ಕಂಡ ದಿನ ಅವನ ಮೈ ಜುಮ್ಮೆಂದಿತ್ತು. ಮನುಷ್ಯನ ಕೈ ಇಂಥದ್ದನ್ನೂ ಮಾಡಬಲ್ಲದಲ್ಲ ಎಂದು ಆ ಒಂದೇ ವಿಡಿಯೊವನ್ನು ಹನ್ನೆರಡು ಸಲ ನೋಡಿದ್ದ.

"ಯಾವಾಗ ಬರ್ತೈತಿ?"

"ಶನಿವಾರ, ಅಜ್ಜಾರ. ದಿನಾ ಎಣಿಸಾಕ್ಹತ್ತೀನಿ."

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಐದು ವರ್ಷದ ಕೂಸಿನ ಕೈಹಿಡಿದು ಗುಡಿಸಲ ಮುಂದೆ ಬಂದು ನಿಂತಳು. ಅವಳ ಹೆಸರು ದಾಕ್ಷಾಯಣಿ. ಕೂಸು ಸಿಂಚನಾ.

"ನಿನ್ನೆ ಬುತ್ತಿ ಕಟ್ಟಿಕೊಂಡು ಇಲ್ಲೇ ಹೊಳಿಗೆ ಬಂದಿದ್ವಿರಿ. ಇಕಿ ಉಸುಕಿನಾಗ ಉರುಳ್ಯಾಡಿ ಆಡಿದ್ಲು. ಮನಿಗೆ ಹೋಗಿ ನೋಡಿದ್ರ ಕಿವಿ ಯಂತ್ರ ಇಲ್ಲ."

ಸಿಂಚನಾಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಶನ್ ಮಾಡಿ ತಲೆಯೊಳಗೆ ಒಂದು ಯಂತ್ರ ಕೂರಿಸಿದ್ದರು. ಕಳೆದದ್ದು ಅದರ ಜೋಡಿ, ಹೊರಗಿನದು. ಕಿವಿಯ ಮೇಲೆ ಒಂದು ಸಣ್ಣ ಕೊಕ್ಕೆ, ಅದಕ್ಕೊಂದು ತಂತಿ, ತಂತಿಯ ತುದಿಗೆ ಅಯಸ್ಕಾಂತದ ಬಿಲ್ಲೆ. ಬಿಲ್ಲೆ ಕೂದಲೊಳಗೆ ತಲೆಗೆ ಕಚ್ಚಿಕೊಂಡರೆ ಮಗುವಿಗೆ ಲೋಕ ಕೇಳುತ್ತದೆ. ಇಲ್ಲದಿದ್ದರೆ ಇಲ್ಲ.

"ಈಗೀಗ ನಾಲ್ಕು ಮಾತು ಕಲ್ತಿದ್ಲು," ಅಂದಳು ದಾಕ್ಷಾಯಣಿ. "ಇನ್ನೊಂದು ಸಿಗಬೇಕಂದ್ರ ವರ್ಷ ಹಿಡಿತೈತಂತ. ಅಷ್ಟರಾಗ ಕಲ್ತದ್ದೆಲ್ಲಾ ಹೋಗಿಬಿಡ್ತೈತ್ರಿ."

ಅಜ್ಜ ಹೊಳೆಯ ಕಡೆ ನೋಡಿದ. "ಸೋಮವಾರ ಮುಂಜಾನೆ ಆಣೆಕಟ್ಟಿನ ನೀರು ಬಿಡ್ತಾರ. ಈ ಉಸುಕು ಅಷ್ಟೂ ಮುಳುಗ್ತೈತಿ."

"ಚಿಂತಿ ಮಾಡಬ್ಯಾಡ್ರಿ ಅಕ್ಕಾರ," ಅಂದ ಸಂಗನಬಸು. "ಈಗ ಇರೋ ಮಷೀನಿನಾಗ ನೋಡ್ತೀನಿ. ಇಲ್ಲಂದ್ರೂ ಶನಿವಾರ ನನ್ನ ಹೊಸಾದು ಬರ್ತೈತಿ, ರವಿವಾರ ಒಂದು ದಿನ ಸಾಕು. ನಿಮ್ಮ ಯಂತ್ರ ನಿಮ್ಮ ಕೈಗೆ ಕೊಡೂದು ನನ್ನ ಜವಾಬ್ದಾರಿ."

ಮಗು ಆಡಿದ ಜಾಗ ಎರಡು ಹೊಲದಷ್ಟು ಅಗಲವಿತ್ತು. ಆ ಬುಧವಾರವೇ ಸಂಗನಬಸು ಅದನ್ನು ಮೂರು ಸುತ್ತು ಹಾಕಿದ. ಕಿವಿಯಲ್ಲಿ ನಿಶ್ಶಬ್ದ. ಎರಡು ಬಾಟಲಿ ಮುಚ್ಚಳ ಸಿಕ್ಕವು, ಅಷ್ಟೇ.

ಗುರುವಾರ ಅಜ್ಜ ಹೇಳಿದ. "ಕರಿ ಉಸುಕಿನ ಸದ್ದು ಅಡಗಿಸಬ್ಯಾಡ. ಅದನ್ನೂ ಬಿಟ್ಟುಕೊಂಡು ಕೇಳಿ ನೋಡು."

"ಅದರಾಗ ಏನು ಕೇಳ್ತೈತ್ರಿ ಅಜ್ಜಾರ, ಬರೀ ಗದ್ದಲ. ಈ ಹಳೇ ಡಬ್ಬಿಯಿಂದ ಆಗೂ ಕೆಲಸ ಅಲ್ಲ ಇದು. ಹೊಸಾದು ಬರ್ಲಿ."

ಅಜ್ಜ ಮತ್ತೆ ಒತ್ತಾಯ ಮಾಡಲಿಲ್ಲ. ಶುಕ್ರವಾರ ಸಂಗನಬಸು ಹೊಳೆಯ ಕಡೆ ಸುಳಿಯಲೇ ಇಲ್ಲ. ಅಂಗಡಿಯಲ್ಲಿ ಕೂತು ಫೋನಿನಲ್ಲಿ ಪಾರ್ಸೆಲ್ಲು ಎಲ್ಲಿಗೆ ಬಂತು ಎಂದು ನೋಡುತ್ತಿದ್ದ.

ಶನಿವಾರ ಮಧ್ಯಾಹ್ನ ಸುದ್ದಿ ಬಂತು. ಮಷೀನು ಮುಂದಿನ ತಿಂಗಳಿಗೆ ಹೋಗಿದೆ, ಅಡಚಣೆಗೆ ಕ್ಷಮೆಯಿರಲಿ.

ಅವನು ಹಳೆಯ ಮಷೀನನ್ನು ಹೆಗಲಿಗೇರಿಸಿ ಏದುಸಿರು ಬಿಡುತ್ತ ಹೊಳೆಗೆ ಬಂದ. ಉಸುಕಿನ ಮೇಲೆ ದಾಕ್ಷಾಯಣಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮನೆಯ ಹಿಟ್ಟಿನ ಜರಡಿಯಲ್ಲಿ ಉಸುಕು ಸೋಸುತ್ತಿದ್ದಳು. ಶುಕ್ರವಾರ ಬೆಳಗಿನಿಂದಲೂ ಸೋಸುತ್ತಿದ್ದಳಂತೆ. ಕೂಸು ಪಕ್ಕದಲ್ಲಿ ಸುಮ್ಮನೆ ಕೂತಿತ್ತು.

ಸಂಗನಬಸುವಿಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಗುಡಿಸಲ ಮುಂದೆ ಕುಸಿದು ಕೂತ.

"ಅಜ್ಜಾರ, ಆ ತಾಯಿಗೆ ಮಾತು ಕೊಟ್ಟೀನಿ. ಈಗ ಯಾವ ಮಾರಿ ತೋರಿಸ್ಲಿ?"

ಅಜ್ಜ ಎದ್ದು ಬಂದು ಅವನ ಮಷೀನು ತೆಗೆದುಕೊಂಡ. ಗುಂಡಿಯನ್ನು ಹಿಂದಕ್ಕೆ, ಕೊನೆಯವರೆಗೂ ತಿರುವಿದ. ಕಿವಿಯ ಹೆಡ್‌ಫೋನನ್ನು ಶಿಷ್ಯನ ತಲೆಗೆ ಏರಿಸಿದ.

ಸಂಗನಬಸು ಬೆಂಕಿ ಮುಟ್ಟಿದವನಂತೆ ಕಿತ್ತು ತೆಗೆದ. "ತಲಿ ಸಿಡಿತೈತ್ರಿ. ಏನೂ ತಿಳಿಯಂಗಿಲ್ಲ."

"ಹಂಗಾದ್ರ ಹೋಗಿ ಆ ತಾಯಿನ್ನ ಕೇಳು."

"ಏನಂತ ಕೇಳ್ಲಿ?"

"ಕೂಸಿಗೆ ಯಂತ್ರ ಹಾಕಿದ ಮೊದಲ ದಿನ ಏನು ಕೇಳಿಸ್ತು ಅಂತ ಕೇಳು."

ಗುರುವಿಗೆ ಅರಳುಮರಳೋ ಏನೋ ಎಂದುಕೊಳ್ಳುತ್ತಲೇ ಸಂಗನಬಸು ಹೋಗಿ ಕೇಳಿದ. ದಾಕ್ಷಾಯಣಿ ಜರಡಿ ನಿಲ್ಲಿಸಿದಳು.

"ಬರೀ ಗದ್ದಲ ಅಂತ್ರಿ. ನನ್ನ ದನಿ, ಬಸ್ಸು, ಮಿಕ್ಸರ್, ಎಲ್ಲಾ ಒಂದೇ ನಮೂನಿ ಕೇಳ್ತಾವು ಅಂತ ಡಾಕ್ಟರು ಹೇಳಿದ್ರು. ಇಕಿ ಅಳ್ತಿದ್ಲು, ಕಿತ್ತಿ ಒಗಿತಿದ್ಲು. ತೆಗಿಬ್ಯಾಡ್ರಿ, ಹಾಕ್ಕೋತ ಇರ್ರಿ ಅಂದ್ರು. ನಾನು ದಿನಾ ಬಾಜೂಕ ಕುಂತು ಹೆಸರು ಹಿಡಿದು ಕರೀತಿದ್ದೆ. ನಾಲ್ಕು ತಿಂಗಳಾತ್ರಿ. ಒಂದಿನ ರೊಟ್ಟಿ ಬಡಿಯಾಕ ಕುಂತಿದ್ದೆ, ಇಕಿ ಬಾಗಿಲ ಕಡೆ ಮಾರಿ ಮಾಡಿ ಆಡ್ಕೋತ ಇದ್ಲು. ಸಿಂಚೂ ಅಂದೆ. ತಿರುಗಿ ನೋಡಿದ್ಲು."

"ಅಷ್ಟೊತ್ತಿಗೆ ಗದ್ದಲ ಕಡಿಮಿ ಆಗಿತ್ತೇನ್ರಿ?"

"ಎಲ್ಲಿ ಕಡಿಮಿರಿ. ಗದ್ದಲ ಹಂಗೇ ಇತ್ತು. ಇಕಿ ಅದರಾಗೇ ನನ್ನ ಹುಡುಕಿದ್ಲು."

ಸಂಗನಬಸು ಆ ಕೂಸನ್ನು ನೋಡಿದ. ಹನ್ನೊಂದು ವರ್ಷದಿಂದ ತಾನೊಬ್ಬ ದೊಡ್ಡ ಹುಡುಕುವವನು ಎಂದು ತಿರುಗಿದ್ದ. ಇಷ್ಟು ಚಿಕ್ಕ ಜೀವ ನಾಲ್ಕು ತಿಂಗಳು ಅತ್ತುಕೊಂಡೇ ಕೇಳಿ ಕೇಳಿ ತಾಯಿಯನ್ನು ಹುಡುಕಿ ತೆಗೆದಿತ್ತು. ಅವನಿಗೆ ಕೈಮುಗಿಯಬೇಕು ಅನ್ನಿಸಿತು.

ಹೆಡ್‌ಫೋನು ಏರಿಸಿಕೊಂಡ. ಗುಂಡಿ ಮುಟ್ಟಲಿಲ್ಲ.

ಶನಿವಾರ ಹೊತ್ತು ಮುಳುಗುವವರೆಗೂ ತಲೆಯೊಳಗೆ ಸಂತೆ ನೆರೆದ ಹಾಗಿತ್ತು. ರವಿವಾರ ಬೆಳಿಗ್ಗೆ ಆ ಸಂತೆಯಲ್ಲಿ ಒಂದೆರಡು ದನಿ ಬೇರೆ ಬೇರೆಯಾದವು. ಒದ್ದೆ ಉಸುಕು ತಗ್ಗಿದ ದನಿಯಲ್ಲಿ ಗೊಣಗುತ್ತಿತ್ತು. ಒಣ ಉಸುಕು ಸರಸರ ಅನ್ನುತ್ತಿತ್ತು. ನೀರು ಹಿಂದೆಂದೋ ಹರಿದು ಕರಿ ಪುಡಿಯನ್ನು ಗೆರೆ ಎಳೆದಂತೆ ಬಿಟ್ಟುಹೋದ ಕಡೆ ದನಿ ಏರುತ್ತಿತ್ತು, ದಾಟಿದರೆ ಇಳಿಯುತ್ತಿತ್ತು.

ಹೊಳೆ ಯಾವ ವರ್ಷ ಎಲ್ಲಿ ಹರಿದಿತ್ತು ಎಂಬುದೆಲ್ಲ ಕಾಲಡಿಯಿಂದ ಕಿವಿಗೆ ಬರುತ್ತಿತ್ತು. ಅವನು ನಡುವೆ ನಿಂತುಬಿಟ್ಟ. ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ನೆಲದ ಬಾಯಿ ಮುಚ್ಚಿಸಿ, ಇದರ ಮೇಲೇ ಓಡಾಡಿದ್ದನಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಒಂದು ಕಡೆ ದನಿ ಸರಿಬರಲಿಲ್ಲ. ಮುಷ್ಟಿಯಷ್ಟು ಜಾಗದಲ್ಲಿ ಕರಿ ಉಸುಕಿನ ಸದ್ದು ಇದ್ದಕ್ಕಿದ್ದಂತೆ ದಪ್ಪವಾಗುತ್ತಿತ್ತು. ಅಲ್ಲಿ ಗೆರೆಯಿರಲಿಲ್ಲ, ನೀರು ಹರಿದ ಗುರುತೂ ಇರಲಿಲ್ಲ. ತಟ್ಟೆಯನ್ನು ಆ ಕಡೆಯಿಂದ ತಂದ, ಈ ಕಡೆಯಿಂದ ತಂದ. ಅಲ್ಲೇ ದಪ್ಪ. ಬುಧವಾರ ತಾನೇ ಓಡಾಡಿದ ಬೂಟಿನ ಗುರುತು ಅದರ ಪಕ್ಕದಲ್ಲೇ ಇತ್ತು.

ಮಂಡಿಯೂರಿ ಕೈಯಿಂದ ತೋಡಿದ. ಗೇಣುದ್ದ ಕೆಳಗೆ ಒಂದು ಕರಿ ಉಂಡೆ ಸಿಕ್ಕಿತು. ಮೈತುಂಬ ಮುಳ್ಳು ಎದ್ದಂತೆ ಕರಿ ಪುಡಿ ನಿಮಿರಿ ನಿಂತಿತ್ತು. ಉಜ್ಜಿದರೆ ಉದುರಲಿಲ್ಲ, ಉದುರಿದ್ದು ಹಾರಿ ಮತ್ತೆ ಅಂಟಿಕೊಂಡಿತು. ಉಂಡೆಯೊಳಗಿಂದ ಒಂದು ತಂತಿ ಇಣುಕಿತು.

ಬಿಲ್ಲೆಯ ಅಯಸ್ಕಾಂತ ಸುತ್ತಲಿನ ಕರಿ ಉಸುಕನ್ನೆಲ್ಲ ಎಳೆದು ಮೈಗೆ ಹೊದ್ದುಕೊಂಡಿತ್ತು. ಯಾವ ಸದ್ದು ಬೇಡ ಎಂದು ಗುಂಡಿ ತಿರುವಿದ್ದನೋ ಆ ಸದ್ದಿನೊಳಗೇ ಅದು ಮಲಗಿತ್ತು. ಆ ಹೊಸ ಮಷೀನು ಬಂದಿದ್ದರೆ ಇದರ ಮೇಲೆ ಉಸಿರೆತ್ತದೆ ದಾಟಿಹೋಗುತ್ತಿತ್ತು.

"ಅಕ್ಕಾರ," ಎಂದು ಕೂಗಿದ. ಕೈ ಎತ್ತಿ ತೋರಿಸಿದ.

ದಾಕ್ಷಾಯಣಿ ಓಡಿ ಬಂದಳು. ಊದಿದಳು, ಸೆರಗಿನಿಂದ ಒರೆಸಿದಳು, ಉಗುರಿನಿಂದ ಒಂದೊಂದೇ ಕಣ ಬಿಡಿಸಿದಳು. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಹೊಸ ಬ್ಯಾಟರಿ ಬಿಚ್ಚಿ ಹಾಕಿದಳು. ಒಂದು ಹಸಿರು ದೀಪ ಮಿಣುಕಿತು. ಬಿಲ್ಲೆಯನ್ನು ಮಗುವಿನ ತಲೆಗೆ ತಾಗಿಸಲು ಹೋಗಿ ಎರಡು ಸಲ ತಪ್ಪಿದಳು.

ಮೂರನೆಯ ಸಲ ಅದು ಕಚ್ಚಿಕೊಂಡಿತು. ಸಿಂಚನಾ ಅಲುಗಾಡದೆ ನಿಂತಳು.

ಸಂಗನಬಸು ಬಂದು ಅಜ್ಜನ ಕಾಲು ಹಿಡಿದ. ಎರಡು ದಿನದಿಂದ ಕಟ್ಟಿಕೊಂಡಿದ್ದ ಮಾತೆಲ್ಲ ಒಮ್ಮೆಲೇ ಹೊರಬಂತು. "ಅಜ್ಜಾರ, ನಾನು ಎಂಥಾ ದಡ್ಡ. ನೀವು ಗುರುವಾರನ ಹೇಳಿದ್ರಿ. ನನ್ನ ಕಿವಿ ತೆರೆದ್ರಿ ಅಜ್ಜಾರ. ಇನ್ನ ಮುಂದ ನಾನು ಹೆಂಗ ಕೇಳ್ಬೇಕು, ಏನು ಕೇಳ್ಬೇಕು, ಅದೊಂದು ಹೇಳಿಬಿಡ್ರಿ, ಜೀವ ಇರೋತನಕ ನಾನು..."

ಅಜ್ಜ ಅವನ ಬಾಯಿಯ ಮೇಲೆ ಬೆರಳಿಟ್ಟ.

"ಒಂಚೂರು ಸುಮ್ಮನಿರಪಾ. ಆ ಕೂಸು ಏನೋ ಹೇಳಾಕ್ಹತ್ತೈತಿ."